ಭಾನುವಾರದ ಕೈತೋಟ

ರಂಗಂಪೇಟೆಯ ಮನೆಯ ಹಿಂದೆ ನಾಲ್ಕು ಹೊರಸು ಮಂಚ ಹಾಕುವಷ್ಟು ಜಾಗವಿತ್ತು, ಅದೂ ಬರೀ ಗರಸು ಕಲ್ಲಿನ ನೆಲ. ದೇವಿಂದ್ರ ಅಲ್ಲಿ ಕೈತೋಟ ಮಾಡುತ್ತೇನೆ ಎಂದಾಗ ಹೆಂಡತಿ ಪರಿಮಳಾ ನಕ್ಕಿದ್ದಳು.

"ನೀವು ಇರೋದು ವಾರದಾಗ ಒಂದಿನ. ನಾ ಮುಂಜಾನಿ ಹಾಸ್ಟೆಲಿನ ಅಡಿಗಿಗಿ ಹೋದ್ರ ಸಂಜಿಗಿ ಬರ್ತೀನಿ. ನೀರ್ ಯಾರ್ ಹಾಕ್ಬೇಕ್ರಿ?"

"ವಾರಕ್ಕೊಮ್ಮಿ ಹಾಕಿದ್ರ ಸಾಕು, ಹಂಗ ಮಾಡ್ತೀನಿ."

ಅವನು ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ಸೈದಾಪುರದಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದಿದ್ದ. ಶನಿವಾರ ಊರಿಗೆ ಬಂದರೆ ಭಾನುವಾರ ಸಂಜೆ ಮತ್ತೆ ಬಸ್ಸು. ಹಾಗೆ ಸಿಕ್ಕ ಏಳೆಂಟು ಭಾನುವಾರಗಳಲ್ಲಿ ಗರಸು ಅಗೆದು ಕೆರೆ ಮಣ್ಣು, ಸಗಣಿ ಗೊಬ್ಬರ ತುಂಬಿದ. ಮಣ್ಣಿನ ಮಡಿಕೆಗಳನ್ನು ಕತ್ತಿನವರೆಗೆ ಹೂತ. ಒಮ್ಮೆ ತುಂಬಿದರೆ ನೀರು ಸಣ್ಣಗೆ ಜಿನುಗಿ ಬೇರಿಗೆ ಸಿಗುತ್ತಿತ್ತು. ಗೋಡೆಯ ಬಳಿ ನುಗ್ಗೆ ಸಸಿ ನೆಟ್ಟು, ಬಚ್ಚಲ ನೀರನ್ನು ಜಲ್ಲಿಯ ಗುಂಡಿಯಲ್ಲಿ ಸೋಸಿ ಅದರ ಬುಡಕ್ಕೆ ಹರಿಸಿದ. ನೆಲ ಒಣಗದಂತೆ ತೊಗರಿ ಹೊಟ್ಟು ಹಾಸಿದ. ತೊಂಡೆ, ಬದನೆ ನೆಟ್ಟ.

ತೋಟ ಹಿಡಿಯಿತು. ಆದರೆ ಅವನಿಗೆ ಕಂಡದ್ದು ತುಣುಕು ತುಣುಕಾಗಿ. ಒಂದು ಭಾನುವಾರ ಮೊಗ್ಗು, ಮುಂದಿನ ಭಾನುವಾರ ಕಾಯಿ. ನಡುವೆ ಅರಳಿದ ಹೂವನ್ನು ಅವನು ನೋಡಲೇ ಇಲ್ಲ. ಮಗಳು ಪಂಚಶೀಲಾಳೂ ಹಾಗೆಯೇ. ಹೋದ ವಾರ ಅಲುಗಾಡುತ್ತಿದ್ದ ಹಲ್ಲು ಈ ವಾರ ಬಿದ್ದಿರುತ್ತಿತ್ತು.

ಬೇಸಿಗೆಯಲ್ಲಿ ಕಾರ್ಖಾನೆಯ ಕೆಲಸ ಹೆಚ್ಚಿ ನಾಲ್ಕು ವಾರ ರಜೆ ಸಿಗಲಿಲ್ಲ. ಫೋನಿನಲ್ಲಿ ಕೇಳಿದರೆ ಪರಿಮಳಾ, "ಗಿಡ ನೋಡ್ಕೋತ ನಿಲ್ಲಾಕ ಪುರಸೊತ್ತೆಲ್ಲಿರಿ? ನಳದಾಗ ನೀರು ಬಂದಾಗ ಮಡಕಿ ತುಂಬ್ತೀನಿ, ಅಷ್ಟ" ಎನ್ನುತ್ತಿದ್ದಳು. ಎಲ್ಲ ಒಣಗಿರಬೇಕು ಎಂದುಕೊಂಡ.

ಐದನೆಯ ವಾರ ಊರಿಗೆ ಬಂದವನು ಕೈಯಲ್ಲಿನ ಚೀಲವನ್ನೂ ಇಳಿಸದೆ ಹಿತ್ತಲಿಗೆ ಹೋದ. ನುಗ್ಗೆ ಗೋಡೆ ದಾಟಿತ್ತು. ತೊಂಡೆ ಬಳ್ಳಿಯಲ್ಲಿ ಕೊಯ್ಯುವಷ್ಟು ಕಾಯಿ. ಪಂಚಶೀಲಾ ಓಡಿಬಂದು ಅವನ ಕೈ ಹಿಡಿದಳು.

"ಅಪ್ಪಾ, ನೀ ಬರ್ಲಿಲ್ಲಂದ್ರೂ ಎಲ್ಲಾ ತಾವ ಬೆಳದಾವ ನೋಡು!"

ಖುಷಿಯಿಂದಲೇ ಹೇಳಿದ್ದಳು. ಅವನು ಬಯಸಿದ್ದೂ ಇದನ್ನೇ. ಆದರೂ 'ನೀ ಬರ್ಲಿಲ್ಲಂದ್ರೂ' ಎಂಬ ಮಾತೇ ಕಿವಿಯಲ್ಲಿ ಉಳಿಯಿತು. ಹೊಟ್ಟಿನ ಮೇಲೆ ಹಾಗೇ ಕುಳಿತುಬಿಟ್ಟ.

ಮರುದಿನ ಹೊರಡುವ ಮುನ್ನ ಹಳೇ ಬುಟ್ಟಿಯೊಂದಕ್ಕೆ ಮಣ್ಣು ತುಂಬಿ, ಕೊತ್ತಂಬರಿ ಬೀಜ ಉದುರಿಸಿ ಅಡುಗೆಮನೆಯ ಬಾಗಿಲಿಗಿಟ್ಟ.

"ಇದಕ್ಕ ದಿನಾ ನೀರು ಬೇಕಲ್ರಿ?" ಎಂದಳು ಪರಿಮಳಾ.

"ಹೌದು, ದಿನಾ ಒಂದು ಬೊಗಸಿ. ಪಂಚಶೀಲಾ ಹಾಕ್ಲಿ. ಹಾಕಿದ ಮ್ಯಾಗ ನನಗ ಫೋನ್ ಮಾಡಿ ಹೇಳ್ಬೇಕು."

ಪರಿಮಳಾ ಅವನ ಮುಖ ನೋಡಿ, ಮಗಳ ಕೈಗೆ ನೀರಿನ ಚೊಂಬು ಕೊಟ್ಟಳು.

ಅಂದಿನಿಂದ ದಿನಾ ಸಂಜೆ ಆರಕ್ಕೆ ಫೋನು ಬರತೊಡಗಿತು. ಹತ್ತನೆಯ ದಿನ ಮಗಳ ದನಿ ಏರಿತ್ತು.

"ಅಪ್ಪಾ, ಎರಡು ಮೊಳಕಿ ಬಂದಾವ! ಒಂದು ತಲಿ ಮ್ಯಾಲ ಇನ್ನಾ ಬೀಜದ ಸಿಪ್ಪಿ ಹೊತ್ಕೊಂಡು ನಿಂತದ."

ಕೋಣೆಯ ಬಾಗಿಲಲ್ಲಿ ನಿಂತಿದ್ದ ದೇವಿಂದ್ರ ಫೋನನ್ನು ಕಿವಿಗೆ ಒತ್ತಿಕೊಂಡ.

"ಇನ್ನೊಮ್ಮಿ ಹೇಳವ್ವ" ಎಂದ.