ಹಿಂದಿನ ಸೀಟಿನಲ್ಲಿ ಮಲಗಿದ ಮಾದಣ್ಣ

ಯಾರು ಕಾರು ತಂದರೂ ಮಾದಣ್ಣ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಎದುರು ಬಂದು ನಿಂತು, "ಹೆಂಗೆ ಸದ್ದು ಬತ್ತದೆ? ಒಸಿ ಬಾಯಲ್ಲಿ ಮಾಡಿ ತೋರ್ಸಿ" ಅನ್ನುತ್ತಿದ್ದ.

ಚನ್ನಪಟ್ಟಣದ ಹಳೇ ರಸ್ತೆಯ ಪಕ್ಕ ಅವನ ತಗಡಿನ ಶೆಡ್ಡು. ಎದುರಿಗೇ ನನ್ನ ಟೈಲರಿಂಗ್ ಅಂಗಡಿ. ಮಿಷನ್ ತುಳಿಯುತ್ತ ನಾನು ಏನೇನೆಲ್ಲ ನೋಡಿದ್ದೇನೆ! ಇಸ್ತ್ರಿ ಹಾಕಿದ ಬಿಳಿ ಅಂಗಿಯ ಯಜಮಾನರೊಬ್ಬರು ನಡುರಸ್ತೆಯಲ್ಲಿ ಕೆನ್ನೆ ಉಬ್ಬಿಸಿಕೊಂಡು "ಗುರ್ರ್... ಗುರ್ರ್..." ಎನ್ನುತ್ತಿದ್ದರೆ, ಮಾದಣ್ಣ ತಲೆ ಓರೆ ಮಾಡಿ ಕೇಳಿ, "ಗುರ್ರೋ, ಗರ್ರೋ? ಸರಿಯಾಗಿ ಹೇಳಿ" ಎಂದು ಇನ್ನೊಮ್ಮೆ ಮಾಡಿಸುತ್ತಿದ್ದ. ನಗು ತಡೆಯಲಾರದೆ ನಾನು ಎಷ್ಟೋ ಸಲ ಹೊಲಿಗೆ ಸೊಟ್ಟ ಮಾಡಿದ್ದುಂಟು. ಸದ್ದು ಕೇಳಿಸಬಾರದೆಂದು ಕಾರಿನಲ್ಲಿ ಜೋರಾಗಿ ಹಾಡು ಹಾಕಿಕೊಳ್ಳುವವರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. "ಮಗು ಅಳ್ತಾ ಇದ್ರೆ ಬಾಗ್ಲು ಹಾಕ್ಕಂಡು ಕೂತ್ಕತೀರೇನ್ರೀ?" ಎಂದು ಮುಖಕ್ಕೇ ಅಂದುಬಿಡುತ್ತಿದ್ದ.

ಅವನು ನನಗೆ ಸ್ವಂತ ಅಣ್ಣನಂತಾದದ್ದು ಅವ್ವನ ಗಂಟಲಿಗೆ ಕಾಯಿಲೆ ಬಂದ ವರ್ಷ. ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನಾ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕು, ಮಧ್ಯೆ ನಿಲ್ಲಿಸುವ ಹಾಗಿಲ್ಲ ಎಂದಿದ್ದರು ಡಾಕ್ಟರು. ರೈಲಿನ ನೂಕುನುಗ್ಗಲು ಅವ್ವನಿಗೆ ಆಗದೆಂದು ಒಂದು ಹಳೇ ಕಾರು ತೆಗೆದುಕೊಂಡೆ. ಹೋಗುವಾಗ ಬರುವಾಗ ಅವಳು ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದಳು. ಎಕ್ಸಿಲೇಟರ್ ಒತ್ತಿದಾಗಲೆಲ್ಲ ಕಾರಿನ ತಳದಿಂದ 'ಗುಂಯ್' ಎಂದು ಒಂದು ಸದ್ದು ಏಳುತ್ತಿತ್ತು. ಓಡಿಸುವ ನನಗೆ ಅದು ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಅವ್ವ ಹಾಸಿಗೆಯಿಂದ ಏಳಲೇ ಇಲ್ಲ.

"ಕರೆಂಟೂ ಬ್ಯಾಡ, ಏನೂ ಬ್ಯಾಡ. ಆ ಸದ್ದು ನನ್ ತಲೆ ಒಳಗೇ ಕೂತ್ಬುಟ್ಟೈತೆ. ನಾ ಬರಾಕಿಲ್ಲ" ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಅಳುತ್ತಲೇ ರಸ್ತೆ ದಾಟಿ ಹೋದೆ. ಮಾದಣ್ಣ ನನ್ನಿಂದ ಬಾಯಲ್ಲಿ ಸದ್ದು ಮಾಡಿಸಲಿಲ್ಲ. ಕೀ ಇಸಿದುಕೊಂಡು ಕಾರನ್ನು ಒಂದು ಸುತ್ತು ಓಡಿಸಿ ಬಂದ. ಇಂಜಿನ್ನಿನ ಕೆಳಗಿನ ರಬ್ಬರು ಸವೆದಿದೆ ಎಂದು ಬದಲಾಯಿಸಿದ. ಮಾರನೆಯ ದಿನ ಅವ್ವನನ್ನು ಬೇಡಿಕೊಂಡು ಕೂರಿಸಿಕೊಂಡು ಹೊರಟರೆ, ಬಿಡದಿ ದಾಟುವ ಮೊದಲೇ ಅವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದಳು.

ವಾಪಸು ಬಂದು ಹೇಳಿದಾಗ ಅವನ ಮುಖ ಸಣ್ಣಗಾಯಿತು. "ನಾನ್ ಒಬ್ನೇ ಓಡ್ಸಿ ನೋಡ್ದೆ ತಂಗಿ, ತಪ್ಪಾಯ್ತು" ಎಂದವನು, ಹಿಂದಿನ ಬಾಗಿಲು ತೆಗೆದು ಸೀಟು ನೋಡುತ್ತ ಕೇಳಿದ: "ಅವ್ವ ತಲೆ ಯಾವ ಕಡೀಕೆ ಹಾಕ್ಕಂಡು ಮಲೀಕತಾರೆ?"

"ಎಡಗಡೆಗೆ."

"ನೀನು ಗಾಡಿ ಬುಡು. ನಾನು ಮಲೀಕತೀನಿ."

ಆರಡಿ ಎತ್ತರದ ಆಳು ಮೊಣಕಾಲು ಮಡಚಿಕೊಂಡು, ಎಡಗಡೆಗೆ ತಲೆ ಹಾಕಿ, ಅವ್ವನ ದಿಂಬಿನ ಮೇಲೆ ತನ್ನ ಟವೆಲ್ಲು ಹಾಸಿಕೊಂಡು ಮಲಗಿದ. ರಾಮನಗರದ ಹತ್ತಿರ ಪೊಲೀಸಿನವರು ಕೈ ಅಡ್ಡ ಹಿಡಿದು ಒಳಗೆ ಬಗ್ಗಿ ನೋಡಿದರು. "ಪೇಷಂಟಾ?"

ಮಾದಣ್ಣ ಮಲಗಿದ್ದಲ್ಲಿಂದಲೇ ಹೇಳಿದ, "ನಾನು ಚೆಂದಾಗಿವ್ನಿ ಸಾ. ಗಾಡಿಗೆ ಹುಷಾರಿಲ್ಲ."

ಸ್ವಲ್ಪ ದೂರ ಹೋದ ಮೇಲೆ, "ಇನ್ನೊಸಿ ಒತ್ತು... ಬುಡು... ಮತ್ತೆ ಒತ್ತು" ಅನ್ನತೊಡಗಿದ. ಆಮೇಲೆ ಕನ್ನಡಿಯಲ್ಲಿ ನೋಡಿದೆ. ಕಣ್ಣು ಮುಚ್ಚಿಕೊಂಡು ಅಂಗೈಯನ್ನು ಕಿವಿಯ ಕೆಳಗೆ ಇಟ್ಟುಕೊಂಡಿದ್ದ. "ಅಯ್ಯೋ ತಾಯಿ," ಎಂದ ಮೆಲ್ಲಗೆ, "ಇದನ್ನ ದಿನಾ ತಡ್ಕಂಡವ್ರಲ್ಲ ಆವಮ್ಮ."

ಹಿಂದಿನ ಸೀಟಿನಲ್ಲಿ ಭಾರ ಬಿದ್ದು, ಎಕ್ಸಿಲೇಟರ್ ಒತ್ತಿದಾಗ ಮಾತ್ರ ಸೈಲೆನ್ಸರ್ ಪೈಪು ಹಿಂದಿನ ಚಕ್ರಗಳ ಆಕ್ಸಲ್ಲಿಗೆ ತಾಗುತ್ತಿತ್ತಂತೆ. ಪೈಪು ತೂಗುಹಾಕುವ ರಬ್ಬರು ಹರಿದು ಪೈಪು ಜೋತುಬಿದ್ದಿತ್ತು. ಅದನ್ನು ಸರಿಮಾಡಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಸೀಟು ಬಿಚ್ಚಿ, ಕೆಳಗೆ ದಪ್ಪನೆಯ ಕಂಬಳಿ ಹಾಸಿ ಮತ್ತೆ ಕೂರಿಸಿದ. ಮಾರನೆಯ ಬೆಳಿಗ್ಗೆ ತಾನೇ ಮನೆಗೆ ಬಂದು ಅವ್ವನ ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತ.

"ನಾನೇ ಮಲಗಿ ನೋಡಿವ್ನಿ ಕಣವ್ವ. ಈಗಿಲ್ಲ. ಇದೊಂದ್ ಸಲ ಬಾ. ಸದ್ದು ಬಂದ್ರೆ ನಾಳಿಂದ ಯಾರೂ ನಿನ್ನ ಕರಿಯಾಕಿಲ್ಲ."

ಅವ್ವ ಎದ್ದಳು. ಆವತ್ತು ಅವನು ನನ್ನ ಪಕ್ಕದ ಸೀಟಿನಲ್ಲಿ ಕುಳಿತು, ದಾರಿಯುದ್ದಕ್ಕೂ ಕತ್ತು ತಿರುಗಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದ. ಕೆಂಗೇರಿ ಬರುವ ಹೊತ್ತಿಗೆ ಅವ್ವನಿಗೆ ನಿದ್ದೆ ಹತ್ತಿತ್ತು. ಅವನು ನನ್ನ ತೋಳು ತಟ್ಟಿ ಅವಳನ್ನು ತೋರಿಸಿದ. ಹಾರ್ನ್ ಹೊಡೆಯಬೇಡವೆಂದು ಕೈಸನ್ನೆ ಮಾಡಿದ.

ಅವ್ವ ಕರೆಂಟು ಪೂರ್ತಿ ಕೊಡಿಸಿಕೊಂಡು ಗುಣವಾದಳು. ದನಿ ಮಾತ್ರ ಒಡೆದೇ ಉಳಿಯಿತು. ಮರುವರ್ಷ ಮತ್ತೆ ರೇಷ್ಮೆಹುಳು ಸಾಕಿದಳು. ಮಾದಣ್ಣ ಆಗಾಗ ಬಸ್ಸಾರು ಮುದ್ದೆ ಉಣ್ಣಲು ಬರುತ್ತಿದ್ದ. ಉಂಡ ಮೇಲೆ ಹುಳುಮನೆಯ ಬಾಗಿಲಲ್ಲಿ ಕುಳಿತು ಹುಳು ಸೊಪ್ಪು ತಿನ್ನುವುದನ್ನು ಕೇಳುತ್ತಿದ್ದ. "ಇದನ್ನೂ ರಿಪೇರಿ ಮಾಡ್ತೀಯೇನಪ್ಪ?" ಎಂದು ಅವ್ವ ಛೇಡಿಸಿದರೆ, "ಇದು ಹಿಂಗೇ ಇರ್ಲಿ ಕಣವ್ವ" ಎನ್ನುತ್ತಿದ್ದ.

ಈ ಸಲದ ಚಳಿಗಾಲದಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲವೆಂದು ಹೊಂಗನೂರಿನ ಅವನ ಮನೆಯಿಂದ ಫೋನು ಬಂತು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಕಾರಿನಲ್ಲಿ ನನ್ನ ಪಕ್ಕ ಕುಳಿತಳು. ಊರು ದಾಟಿದ್ದೇ ನಾನು ಜೋರಾಗಿ ಓಡಿಸತೊಡಗಿದೆ. ಅವ್ವ ನನ್ನ ಮೊಣಕೈ ಮೇಲೆ ಕೈಯಿಟ್ಟಳು.

"ನಿಧಾನಕ್ಕೆ ಹೋಗೇ," ಎಂದಳು ಆ ಒಡಕು ದನಿಯಲ್ಲಿ. "ಬಾರವ್ವ ಅನ್ನಾಕೆ ಅವ್ನೇ ಇಲ್ಲ. ಏನು ಅವಸರ?"