ಕಲಂದರ ಕಟ್ಟಿದ ಕರಡಿ ಕಥೆ

ಖಾನಾಪುರದ ಪೇಟೆಯಲ್ಲಿ ಪುಸ್ತಕ ಹರಿದರೆ ಎಲ್ಲರೂ ಹೇಳುವುದು ಒಂದೇ ಮಾತು: "ಕಲಂದರಗ ಕೊಡ್ರಿ." ಅವನು ಹೊಲಿದ ಪುಸ್ತಕವನ್ನು ಎತ್ತಿನ ಕಾಲಡಿ ಹಾಕಿದರೂ ಹಾಳೆ ಕಿತ್ತು ಬರುವುದಿಲ್ಲ ಅನ್ನುತ್ತಿದ್ದರು. ಜನ ಅನ್ನುವುದು ಹಾಗಿರಲಿ, ಮೊದಲು ಅಂದವನು ಕಲಂದರನೇ. ಕೈಲಿ ಕಸುಬಿದ್ದವನಿಗೆ ಅಷ್ಟಾದರೂ ಜಂಬ ಬೇಡವೇ!

ಒಂದು ಕಾಲಕ್ಕೆ ಜೂನ್ ಬಂತೆಂದರೆ ಅವನ ಅಂಗಡಿಯ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೊಸ ಪುಸ್ತಕ ಬಗಲಲ್ಲಿ ಅವಚಿಕೊಂಡ ಮಕ್ಕಳು, ಸ್ಟೋವಿನ ಮೇಲೆ ಕುದಿಯುವ ಮೈದಾ ಅಂಟು, ಹುಳ ಹಿಡಿಯದಿರಲೆಂದು ಅದಕ್ಕೆ ಬೆರೆಸಿದ ಮೈಲುತುತ್ತದ ಘಾಟು. ಆ ಘಾಟು ಮೂಗಿಗೆ ಬಡಿದರೆ ಸಾಕು, ಸಾಲಿ ಚಾಲೂ ಆತು ಅಂತ ಊರಿಗೇ ಗೊತ್ತಾಗುತ್ತಿತ್ತು. ಈಗ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಬಂದಿದೆ, ಕಚೇರಿಯ ರಜಿಸ್ಟರುಗಳೆಲ್ಲ ಕಂಪ್ಯೂಟರಿನ ಹೊಟ್ಟೆ ಸೇರಿವೆ. ಕಲಂದರ ಮದುವೆ ಕಾರ್ಡು ಮಾರುತ್ತ, ನೊಣ ಹೊಡೆಯುತ್ತ ಕೂರುತ್ತಾನೆ.

ಹಾಗೆ ಕೂತಿದ್ದ ಒಂದು ಶುಕ್ರವಾರ ಬಾಲವಾಡಿಯ ಟೀಚರ್ ಸಮೃದ್ಧಿ ಬಂದಳು. ಸೆರಗಿನಲ್ಲಿ ಸುತ್ತಿ ತಂದದ್ದನ್ನು ಗಲ್ಲಾಪೆಟ್ಟಿಗೆಯ ಮೇಲೆ ಮೆಲ್ಲಗೆ ಬಿಚ್ಚಿಟ್ಟಳು.

"ಚಾಚಾ, ಇದನ್ನ ನೀವ ಕಟ್ಟಬೇಕ್ರಿ. ಸೋಮವಾರದೊಳಗ ಬೇಕು. ಕರಡಿ ಎಲ್ಲೆ ಹೋತು, ಕರಡಿ ಎಲ್ಲೆ ಹೋತು ಅಂತ ಹುಡುಗ್ರು ನನ್ನ ಜೀವಾ ತಿನ್ನಾಕತ್ತಾವ."

ಕಲಂದರನ ಮುಖ ಅರಳಿತು. ನೀಲಿ ಬಟ್ಟೆ ಹೊದಿಸಿದ ಆ ರಟ್ಟು ಅವನದೇ ಕೈಕೆಲಸ. ಅವನು ಜೀವನದಲ್ಲಿ ಕಟ್ಟಿದ ಮೊಟ್ಟಮೊದಲ ಕನ್ನಡ ಪುಸ್ತಕ!

ಆಗ ಅವನಿಗೆ ಮೀಸೆ ಚಿಗುರುವ ವಯಸ್ಸು, ಅಂಗಡಿ ತೆರೆದು ಇನ್ನೂ ಬಹಳ ದಿನವಾಗಿರಲಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಕಲಿತವನು. ಪೇಟೆಯಲ್ಲಿ ಕನ್ನಡ, ಮರಾಠಿ ಎರಡನ್ನೂ ಹುರಿದ ಶೇಂಗಾದಂತೆ ಪಟಪಟ ಉದುರಿಸುತ್ತಿದ್ದ. ಓದು ಮಾತ್ರ ಉರ್ದು ಒಂದೇ. ಶಾಲೆಯ ಪುಸ್ತಕಗಳನ್ನೆಲ್ಲ ಇವನಿಗೆ ಕೊಡಿ ಎಂದು ಬಾಲವಾಡಿಯ ಆಗಿನ ಟೀಚರ್ ಚಂದ್ರವ್ವ ಅಕ್ಕೋರು ಶಿಫಾರಸು ಮಾಡಿದಾಗ, ಶಾಲೆಯ ಕಮಿಟಿಯ ಬಂಡೆಪ್ಪ ಮೂಗು ಮುರಿದಿದ್ದರು. "ಉರ್ದು ಸಾಲಿ ಹುಡುಗಗ ಕನ್ನಡ ಪುಸ್ತಕದ ತಲಿ ಯಾವುದು, ಬಾಲ ಯಾವುದು ತಿಳೀತದೇನ್ರಿ? ಮೊದಲ ಒಂದ ಕಟ್ಟಿ ತೋರಸಲಿ."

ಆ 'ಒಂದು' ಈ ಕರಡಿ ಪುಸ್ತಕ. ಹೊದಿಕೆ ಹೋಗಿತ್ತು, ಹೊಲಿಗೆ ಬಿಚ್ಚಿತ್ತು, ಪುಟದ ಅಂಕಿಗಳನ್ನೆಲ್ಲ ಇಲಿ ತಿಂದುಹಾಕಿತ್ತು. ಪುಟ ತುಂಬ ಬಣ್ಣದ ಚಿತ್ರ, ಅಡಿಯಲ್ಲಿ ಒಂದೊಂದೇ ಸಾಲು. ಕಲಂದರ ಅದನ್ನು ಮದುಮಗಳಂತೆ ಸಿಂಗರಿಸಿ ಕೊಟ್ಟ. ಮರುದಿನ ಬಂಡೆಪ್ಪ ಬಂದು ಒಂದು ಹಾಳೆ ಹಿಡಿದು ಇಡೀ ಪುಸ್ತಕವನ್ನೇ ಜೋತುಬಿಟ್ಟು ಅಲುಗಾಡಿಸಿದರು. ಅದು ಜಪ್ಪಯ್ಯ ಅನ್ನಲಿಲ್ಲ. "ಹುಡುಗ ಪಾಸ್" ಅಂದರು. ಅಂದಿನಿಂದ ಶಾಲೆಯ ಕೆಲಸ, ಅದನ್ನು ನೋಡಿ ಕಚೇರಿಗಳ ಕೆಲಸ. ಕಲಂದರನ ಒಲೆ ಉರಿದದ್ದು, ಮಮ್ತಾಜಳನ್ನು ಮದುವೆಯಾದದ್ದು, ಮಗ ಸೊಹೈಲನನ್ನು ಓದಿಸಿದ್ದು, ಎಲ್ಲವೂ ಆ ಕರಡಿಯ ಬೆನ್ನೇರಿಯೇ.

ಆ ಕಥೆಯನ್ನು ಚಂದ್ರವ್ವ ಹೇಳುವುದನ್ನು ಕೇಳಬೇಕಿತ್ತು! ಮಕ್ಕಳಲ್ಲಿ ಒಂದು ಮರಾಠಿ ಮನೆಯದು, ಒಂದು ಉರ್ದು ಮನೆಯದು, ಇನ್ನೊಂದು ಕನ್ನಡದ್ದು. ಮೊಲ ಕನ್ನಡದಲ್ಲಿ ಬರುತ್ತಿತ್ತು, ಅಳಿಲು ಮರಾಠಿಯಲ್ಲಿ, ನರಿ ಪಕ್ಕಾ ಸಾಯಬರ ಮಾತಿನಲ್ಲಿ. ಚಳಿಗೆ ನಡುಗುತ್ತ ಒಂಟಿಯಾಗಿ ಕೂತ ಕರಡಿಗೆ ಪ್ರಾಣಿಗಳೆಲ್ಲ ಒಂದೊಂದು ಕಂಬಳಿ ತುಂಡು ತಂದುಕೊಟ್ಟು, ಕಡೆಗೆ ಅದೆಲ್ಲ ಸೇರಿ ದೊಡ್ಡ ಕಂಬಳಿಯಾಗಿ, ಕರಡಿ ಬೆಚ್ಚಗೆ ಗೊರಕೆ ಹೊಡೆಯುತ್ತದೆ. ಆ ಗೊರಕೆಗೆ ಮಕ್ಕಳೆಲ್ಲ ದನಿಗೂಡಿಸುತ್ತಿದ್ದವು. ಸೊಹೈಲ ಚಿಕ್ಕವನಿದ್ದಾಗ ಈ ಕಥೆ ಕೇಳದೆ ಕಣ್ಣು ಮುಚ್ಚುತ್ತಿರಲಿಲ್ಲ. ಸಮೃದ್ಧಿಯೂ ಅದೇ ಚಾಪೆಯ ಮೇಲೆ ಕೂತು ಗೊರಕೆ ಹೊಡೆದವಳೇ. ಎಂಥ ದಿನಗಳವು!

ಶನಿವಾರ ಮಧ್ಯಾಹ್ನ ಕಲಂದರ ಮನೆಯ ಪಡಸಾಲೆಯಲ್ಲಿ ಕೂತು ಹಳೆಯ ದಾರ ಕತ್ತರಿಸಿದ. ಪ್ರತಿ ಹಾಳೆಯ ಅಡಿಯಲ್ಲೂ ಯಾರೋ ಖಾಕಿ ಕಾಗದದ ಪಟ್ಟಿ ಅಂಟಿಸಿದ್ದರು. ಹರಿದದ್ದಕ್ಕೆ ತೇಪೆ ಇರಬೇಕು ಅಂದುಕೊಂಡ. ಒದ್ದೆ ಬಟ್ಟೆ ಒತ್ತಿದ್ದೇ ಪಟ್ಟಿ ಸಲೀಸಾಗಿ ಎದ್ದು ಬಂತು. ಹಿಂದೆ ನೋಡಿದರೆ ಒಣಗಿದ ಅನ್ನದ ಅಗಳು!

"ಅಯ್ಯ ಇವನ! ಯಾವ ಅಡ್ಡಕಸಬಿ ಮಾಡ್ಯಾನಪಾ ಇದನ್ನ!" ಎಂದು ಬೈಯುತ್ತ ಎಲ್ಲ ಪಟ್ಟಿಗಳನ್ನೂ ಕಿತ್ತ. ಅಡಿಯಲ್ಲಿ ಹರಿದದ್ದೇನೂ ಇರಲಿಲ್ಲ. ಅಚ್ಚಾದ ಸಾಲುಗಳು ಇದ್ದ ಹಾಗೇ ಇದ್ದವು. ಪುಸ್ತಕ ಕಟ್ಟುತ್ತ ಕಟ್ಟುತ್ತ ಕಲಂದರ ಈಗ ಕನ್ನಡ ಓದಲು ಕಲಿತಿದ್ದಾನೆ. ಮೊದಲ ಪುಟ ಓದಿದ: 'ಇದ್ದುದನ್ನೆಲ್ಲ ಕೊಟ್ಟ ಕರಡಿ ಕಡೆಗೆ ಒಂಟಿಯಾಗಿ ನಡುಗಿತು.' ಇದೇನಿದು, ಕಥೆ ಶುರುವಾಗುವಾಗಲೇ ಕಡೆಗೆ? ಗಡಬಡಿಸಿ ಕೊನೆಯ ಪುಟ ತೆರೆದ: 'ಒಂದಾನೊಂದು ಕಾಡಿನಲ್ಲಿ ಒಂದು ಕರಡಿಯ ಬಳಿ ದೊಡ್ಡ ಕಂಬಳಿಯಿತ್ತು.'

ಅವನು ತನ್ನ ಕೈಯನ್ನೇ ನೋಡಿಕೊಂಡ. ಉರ್ದು ಪುಸ್ತಕ ತೆರೆದುಕೊಳ್ಳುವುದು ಬಲಗಡೆಯಿಂದ. ಆ ರೂಢಿಯ ಕೈ ಅಂದು ಕಡೆಯ ಹಾಳೆಯನ್ನೇ ಮೊದಲು ಮಾಡಿ ಹೊಲಿದಿತ್ತು. ಬಂಡೆಪ್ಪ ಅಂದದ್ದು ಖರೆಯಾಗಿತ್ತು, ತಲೆ ಬಾಲವಾಗಿತ್ತು! ಕರಡಿ ಕೊಡುತ್ತ ಹೋದ ಕಥೆ, ಕರಡಿಗೆ ಎಲ್ಲರೂ ಕೊಟ್ಟ ಕಥೆಯಾಗಿತ್ತು.

"ಕ್ಯಾ ಹುವಾ ಜೀ? ಖಾನಾ ಥಂಡಾ ಹೋರಾ" ಎಂದು ಮಮ್ತಾಜ ಒಳಗಿನಿಂದ ಕೂಗಿದಳು. ಊಟ ಆರಿದರೂ ಕಲಂದರ ಹಾಳೆಗಳ ಮುಂದಿನಿಂದ ಏಳಲಿಲ್ಲ. ನಾಚಿಕೆ, ಸಂಕಟ ಎರಡೂ. ತನ್ನನ್ನು ನಂಬಿದ ಅಕ್ಕೋರ ಬಾಯಿಂದ ಊರಿನ ಮಕ್ಕಳಿಗೆಲ್ಲ ತಪ್ಪು ಕಥೆ ಹೇಳಿಸಿದೆನಲ್ಲ! ಈಗ ಸರಿ ಮಾಡಿ ಹೊಲಿದರೆ ಬಾಲವಾಡಿಯ ಕರಡಿ ಕಡೆಗೆ ಚಳಿಯಲ್ಲಿ ಕೂರುತ್ತದೆ. ಹಾಗೇ ಹೊಲಿದರೆ ತಪ್ಪನ್ನು ತಿಳಿದೂ ತಿಳಿದೂ ಮಾಡಿದ ಹಾಗೆ. ಅಕ್ಕೋರನ್ನೇ ಕೇಳಬೇಕು. ಅವರು ಛೀ ಅಂದರೆ ಅನ್ನಿಸಿಕೊಳ್ಳಬೇಕು.

ಭಾನುವಾರ ಬೆಳಗಾವಿ ಬಸ್ಸು ಹಿಡಿದ, ಅಲ್ಲಿಂದ ಕಾಕತಿಗೆ ಇನ್ನೊಂದು. ನೌಕರಿ ಮುಗಿದ ಮೇಲೆ ಬಂದು ಸೇರಿದ್ದ ಮಗಳ ಮನೆಯ ಅಂಗಳದಲ್ಲಿ ಚಂದ್ರವ್ವ ಬಿಸಿಲು ಕಾಯಿಸುತ್ತ ಕೂತಿದ್ದರು. ಕಣ್ಣು ಮಂದ, ಮೂಗು ಚುರುಕು.

"ಯಾರು, ಕಲಂದರನ? ನಿನ್ನ ಮೈಲುತುತ್ತದ ವಾಸನಿ ಅಗಸಿಯಿಂದ ಬಂತು. ಕುಂದ್ರು ಬಾ."

ಅವನು ಕೂರಲಿಲ್ಲ. ಹಾಳೆಗಳ ಗಂಟನ್ನು ಅವರ ಮಡಿಲಲ್ಲಿಟ್ಟು ನಿಂತೇ ಒದರಿಬಿಟ್ಟ. "ತಪ್ಪಾತ್ರಿ ಅಕ್ಕೋರ. ಕರಡಿ ಪುಸ್ತಕ ನಾ ಉಲ್ಟಾ ಕಟ್ಟೀನ್ರಿ. ನಿನ್ನಿ ತಿಳೀತು. ಇಷ್ಟ ವರ್ಷ ನಿಮ್ಮ ಕೈಲೆ ಸುಳ್ಳು ಹೇಳಿಸಿದ್ನಿ."

ಚಂದ್ರವ್ವನ ಬೆರಳು ಹಾಳೆಯ ಅಡಿಯಲ್ಲಿ ಏನನ್ನೋ ತಡಕಾಡಿತು.

"ಪಟ್ಟಿ ಎಲ್ಲೆ?"

"ಕಿತ್ತಿದ್ನಿರಿ. ಯಾರೋ ಅನ್ನದ ಅಗಳ ಹಚ್ಚಿ..." ಅಂದವನು ಅಲ್ಲಿಗೇ ನಿಂತ. ಅವನಿಗೆ ತಿಳಿಯಿತು.

"ನಾನ ಹಚ್ಚಿದ್ದಪಾ. ನೀ ಕೊಟ್ಟ ದಿನಾನ ನನಗ ಗೊತ್ತಾತು. ಮರುದಿನ ಬಂಡೆಪ್ಪ ನೋಡಾಕ ಬರಾಂವ ಇದ್ದ. ಉಲ್ಟಾ ಆಗೈತಿ ಅಂತ ಓದಿದ್ರ ನಿನ್ನ ಅಂಗಡಿ ಬಾಗಲಾ ಹಾಕಿಸ್ತಿದ್ದ. ಮನ್ಯಾಗ ಅಂಟು ಇರಲಿಲ್ಲ. ಅನ್ನ ಇತ್ತು."

"ಹೇಳಬಾರದಿತ್ತೇನ್ರಿ ನನಗ?"

"ಯಾಕ ಹೇಳಲಿ? ನಡ್ಯಾವ್ರು ಎಡವದ ಕುಂತಾವ್ರು ಎಡವ್ತಾರೇನು? ಮತ್ತ ಇನ್ನೊಂದು ಹೇಳ್ತೀನಿ ಕೇಳು. ಅಚ್ಚಿನ ಕತಿ ಹೇಳಿದಾಗೆಲ್ಲ ಹುಡುಗ್ರು ಅಳತಿದ್ವು. ಕೊಟ್ಟಾಂವ ಯಾಕ ಚಳ್ಯಾಗ ಕುಂತ ಅಂತ ಕೇಳಿದ್ರ ನನ್ನ ಹಂತೇಕ ಜವಾಬ ಇರಲಿಲ್ಲ. ನೀ ಕಟ್ಟಿ ತಂದಿ ನೋಡು, ಜವಾಬ ಸಿಕ್ತು."

ಕಲಂದರ ಈಗ ಕೂತ. ದೊಡ್ಡ ಗಂಡಸು, ಮೊಮ್ಮಕ್ಕಳನ್ನು ಕಂಡವನು, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಚಂದ್ರವ್ವ ಅವನನ್ನು ಅಳಲು ಬಿಟ್ಟರು. ಆಮೇಲೆ ಬೆನ್ನ ಮೇಲೊಂದು ಗುದ್ದಿದರು.

"ಸಾಕು ಏಳು. ನಾ ಅಡ್ಡಕಸಬಿ, ಅಗಳ ಹಚ್ಚಿದ್ದೆ. ನೀ ಬೈಂಡರ ಅದಿ. ಚೆಂದಾಗಿ ಅಂಟಸು."

'ಅಡ್ಡಕಸಬಿ' ಎಂದು ತಾನು ಬೈದದ್ದು ಇವರಿಗೆ ಹೇಗೆ ತಿಳಿಯಿತೋ ಎಂದು ಕಲಂದರ ಬಸ್ಸಿನಲ್ಲಿ ಖಾನಾಪುರದವರೆಗೂ ಯೋಚಿಸಿದ.

ಸೋಮವಾರ ಮುಂಜಾನೆ ಸಮೃದ್ಧಿ ಬಂದಾಗ ಅಂಗಡಿಯ ತುಂಬ ಮೈಲುತುತ್ತದ ಘಾಟು. ಪುಸ್ತಕ ಹಳೆಯ ಕ್ರಮದಲ್ಲೇ ಗಟ್ಟಿಯಾಗಿ ಹೊಲಿದು ಕೂತಿತ್ತು. ಅವಳು ಪುಟ ತಿರುವಿ ನೋಡಿದಳು.

"ಪಟ್ಟಿ ಹೊಸಾವು ಹಚ್ಚೀರಲ್ರಿ! ಖರೇ ಹೇಳ್ರಿ ಚಾಚಾ, ಏನಿವು?"

ಕಲಂದರ ಕೈಗಂಟಿದ ಅಂಟು ಒರೆಸಿಕೊಂಡ.

"ಕಂಬಳಿ ತುಂಡವ್ವ. ಚಳ್ಯಾಗ ಕುಂತಿದ್ನಿ, ಅಕ್ಕೋರು ಹೊಚ್ಚಿದ್ರು."