ಕೈ ಎಗರುವುದು ಎಂದರೆ

ನನಗೆ ಕೋಪ ಬಂದರೆ ಅದು ಮೊದಲು ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ. ಮುಖಕ್ಕೆ ಏರುವ ಹೊತ್ತಿಗೆ ನಾನು ಜೀರಿಗೆ ನೀರು ಕುಡಿದು ಅದನ್ನು ಕೆಳಗಿಳಿಸಿಕೊಂಡಿರುತ್ತೇನೆ. ಹಾಗಾಗಿ ದಿಂಡಿಗಲ್ಲಿನಲ್ಲಿ ನನ್ನನ್ನು ಬಹಳ ಶಾಂತ ಸ್ವಭಾವದ ಮಕ್ಕಳ ಡಾಕ್ಟರು ಎನ್ನುತ್ತಾರೆ. ತೇನಿಯಲ್ಲಿ ಇನ್ನು ಮೇಲೆ ಅನ್ನುವುದಿಲ್ಲ.

ತೇನಿಗೆ ಹೋದದ್ದು ಪಾಠ ಹೇಳಲು. ಹತ್ತು ಹನ್ನೆರಡು ದಾಟಿದ ಮಕ್ಕಳಲ್ಲಿ, ಮೀಸೆ ಚಿಗುರುವ ಹುಡುಗರಲ್ಲಿ, ದಾವಣಿ ತೊಡುವ ಹುಡುಗಿಯರಲ್ಲಿ ಮೂರ್ಛೆ ರೋಗವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಸುತ್ತಲಿನ ಊರುಗಳ ಡಾಕ್ಟರುಗಳಿಗೆ ಒಂದು ದಿನದ ತರಬೇತಿ. ಈ ವಯಸ್ಸಿನವರಿಗೆ ಆಸ್ಪತ್ರೆಯಲ್ಲಿ ಜಾಗವೇ ಇಲ್ಲ. ಮಕ್ಕಳ ವಾರ್ಡಿಗೆ ಬಂದರೆ ಇಷ್ಟೆತ್ತರ ಬೆಳೆದಿದ್ದೀಯಲ್ಲ, ಆ ಕಡೆ ಹೋಗು ಎನ್ನುತ್ತಾರೆ. ದೊಡ್ಡವರ ವಾರ್ಡಿಗೆ ಹೋದರೆ ಇನ್ನೂ ಯೂನಿಫಾರ್ಮಿನಲ್ಲಿದ್ದೀಯಲ್ಲ, ಈ ಕಡೆ ಬಾ ಎನ್ನುತ್ತಾರೆ. ಎರಡರ ನಡುವಿನ ವರಾಂಡದಲ್ಲಿ ನಿಂತು ನಿಂತೇ ಅವರು ದೊಡ್ಡವರಾಗುತ್ತಾರೆ.

ಹೊರಡುವ ಮುಂಚೆ ಚಿಂತೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದೆ. ಪ್ರೊಜೆಕ್ಟರ್ ಕೆಟ್ಟರೆ ಎಂದು ಚಾರ್ಟು, ಕರೆಂಟು ಹೋದರೆ ಎಂದು ಟಾರ್ಚು, ದಾರಿಯಲ್ಲಿ ಬತ್ಲಗುಂಡಿನ ಹತ್ತಿರ ಕಾರು ಕೈಕೊಟ್ಟರೆ ಎಂದು ಬಸ್ಸುಗಳ ವೇಳೆ, ಊಟ ಸರಿಯಿಲ್ಲದಿದ್ದರೆ ಎಂದು ಮೊಸರನ್ನ, ಮೊಸರನ್ನ ಹುಳಿಯಾದರೆ ಎಂದು ಬಿಸ್ಕತ್ತು. ಚಿಂತೆಗೆ ಬಾರದೆ ಉಳಿದದ್ದು ಒಂದೇ ಒಂದು ಸಂಗತಿ. ಆದದ್ದೂ ಅದೇ.

ನಾನು ಅಲ್ಲಿಗೆ ಒಬ್ಬ ಹುಡುಗಿಯನ್ನು ಬರಹೇಳಿದ್ದೆ. ಕಾಮಯಗೌಂಡನ್‌ಪಟ್ಟಿಯವಳು. ನಾನೂ ಹುಟ್ಟಿದ ಊರು ಅದು, ತಮಿಳು ಸೀಮೆಯಲ್ಲಿ ಕನ್ನಡ ಮನೆಮಾತಿನವರ ಊರು. ಅವಳ ತಾಯಿ ನನಗೆ ವರಸೆಯಲ್ಲಿ ತಂಗಿ, ಸ್ವಂತದ್ದೊಂದು ಸಣ್ಣ ದ್ರಾಕ್ಷಿ ತೋಟದಲ್ಲಿ ದುಡಿಯುವವಳು. ಹುಡುಗಿ ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಿದ್ದಾಗ ಬಿದ್ದು ಕೈಕಾಲು ಸೆಳೆದುಕೊಂಡಳು. ಪೂರ್ತಿ ವಾಸಿಯಾದ ಮೇಲೆ ಕಳುಹಿಸಿ ಎಂದು ಶಾಲೆಯವರು ಮನೆಗೆ ಅಟ್ಟಿದರು. ಹತ್ತಿರದ ಒಂದು ಊರಿನ ಡಾಕ್ಟರು ಮಾತ್ರೆ ಶುರುಮಾಡಿದರು. ವಾಸಿಯಾಗುವುದಿರಲಿ, ಹೆಚ್ಚಾಯಿತು. ಆಗ ತಾಯಿ ನನಗೆ ಫೋನು ಮಾಡಿದಳು.

“ಅಕ್ಕ, ಮಾತ್ರೆ ಮ್ಯಾಲೆ ಮಾತ್ರೆ ಕೊಡ್ತಾವ್ರೆ. ಬೆಳಗಾದ್ರೆ ಇವಳ ಕೈ ಎಗರ್ತದೆ. ಲೋಟ ಕೈಲಿ ನಿಲ್ಲಾದಿಲ್ಲ.”

“ಯಾವಾಗಿಂದ?”

“ಬಿದ್ದು ಮೂರ್ ತಿಂಗ್ಳಾತು. ಎಗರಾದು ಒಂದ್ ವರ್ಷದಿಂದ ಅದೆ. ಡಾಕ್ಟ್ರಿಗೂ ಏಳ್ದೆ ಅಕ್ಕ. ವಯಸು ಅಂಗೇ, ಕಲ್ಯಾಣ ಮಾಡಿದ್ರೆ ಎಲ್ಲಾ ಅಡಗ್ತದೆ ಅಂದ್ರು. ಇವ್ರಪ್ಪನೂ ಪಳ್ಳಿಕೂಡಕ್ಕೆ ಓಗಿ ಓದಿದ್ದು ಸಾಕು ಅಂತಾವ್ರೆ.”

ನಮ್ಮ ಮನೆಮಾತಿನಲ್ಲಿ ‘ಎಗರುವುದು’ ಎಂದರೆ ತಾನಾಗಿ, ಹೇಳದೆ ಕೇಳದೆ ಮೈ ಅದುರಿ ಹಾರುವುದು. ನೊಣ ಕೂತಾಗ ಕರುವಿನ ಚರ್ಮ ಎಗರುತ್ತದೆ. ನಿದ್ದೆ ಹತ್ತುವಾಗ ಕಾಲು ಎಗರುತ್ತದೆ. ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಕೈ ಎಗರಿ ಹಿಡಿದದ್ದು ಬೀಳುತ್ತದೆ ಎಂದರೆ, ಅದು ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗದ ಗುರುತು. ಪುಸ್ತಕದಲ್ಲಿ ಪುಟಗಟ್ಟಲೆ ಬರೆದಿರುವುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಆ ಡಾಕ್ಟರಿಗೆ ಯಾಕೆ ಗೊತ್ತಾಗಲಿಲ್ಲ ಎಂಬುದು ಮಾತ್ರ ನನಗೆ ಆಗ ತಿಳಿಯಲಿಲ್ಲ.

ತರಬೇತಿಗೆ ಬರುತ್ತೀಯಾ, ಡಾಕ್ಟರುಗಳ ಮುಂದೆ ಕೂರಬೇಕಾಗುತ್ತದೆ, ಇಷ್ಟವಿಲ್ಲದಿದ್ದರೆ ಬೇಡ, ಮಾತ್ರೆ ಹೇಗೂ ಬದಲಿಸುತ್ತೇನೆ ಎಂದು ಹುಡುಗಿಯನ್ನೇ ಕೇಳಿದೆ. ಕೇಳಿದ್ದನ್ನೇ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳಿದೆ. ಅವಳಿಗೆ ಬೇಸರ ಬಂತು.

“ದೊಡ್ಡವ್ವ, ಅವ್ರೆಲ್ಲಾ ನನ್ನ ನೋಡ್ತಾರೆ ಅಂತ ತಾನೆ ನಿಂಗೆ ಭಯ? ನಾನೂ ಅವ್ರನ್ನ ನೋಡ್ತೀನಿ, ಬುಡು.”

ಒಂದು ದಿನದ ತರಬೇತಿಯಲ್ಲಿ ಅರ್ಧ ಬೆಳಗು ದೀಪ ಹಚ್ಚುವುದಕ್ಕೆ, ಶಾಲು ಹೊದಿಸುವುದಕ್ಕೆ, ಫೋಟೋಗೆ ಹೋಯಿತು. ಶಾಲು ನನಗೂ ಹೊದಿಸಿದರು. ಸೆಖೆಗೆ ಬೆವರುತ್ತ ಅದನ್ನು ಎಲ್ಲಿಡುವುದು ಎಂದು ಚಿಂತಿಸುತ್ತ ಪಾಠ ಶುರುಮಾಡಿದೆ. ಮಗುವಿನ ಜೊತೆ ಒಬ್ಬಂಟಿಯಾಗಿ ಐದು ನಿಮಿಷ ಮಾತಾಡಿ ಎಂದೆ. ನಿದ್ದೆ ಕೇಳಿ, ಪರೀಕ್ಷೆ ಕೇಳಿ, ಮುಟ್ಟು ಕೇಳಿ, ಯಾರಿಗೂ ಹೇಳದ ಭಯ ಏನಿದೆ ಕೇಳಿ ಎಂದೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಡಾಕ್ಟರೊಬ್ಬರು ಆಕಳಿಸಿದರು.

“ಮೇಡಂ, ಡೋಸ್ ಮಾತ್ರ ಹೇಳಿಬಿಡಿ. ಹೊರಗೆ ಕ್ಯೂ ನಿಂತಿರುತ್ತೆ, ಅವರ ಭಯ ಎಲ್ಲಾ ಕೇಳ್ತಾ ಕೂತರೆ ನಮ್ಮ ಭಯ ಯಾರು ಕೇಳ್ತಾರೆ?”

ಸಭೆ ನಕ್ಕಿತು. ನಾನೂ ನಕ್ಕೆ. ನನ್ನ ಹೊಟ್ಟೆ ನಗಲಿಲ್ಲ.

ತಾಯಿ ಮಗಳು ಬಂದದ್ದು ಊಟದ ಮುಂಚೆ. ಹುಡುಗಿ ಬೇಕೆಂದೇ ಶಾಲೆಯ ಯೂನಿಫಾರ್ಮು ಹಾಕಿಕೊಂಡು ಬಂದಿದ್ದಳು. ಇಬ್ಬರನ್ನೂ ಮುಂದೆ ಕೂರಿಸಿ, ಏನು ರೋಗ ಎಂದು ನಾನು ಹೇಳುವುದಿಲ್ಲ, ನೀವೇ ಕೇಳಿ ಕಂಡುಹಿಡಿಯಿರಿ ಎಂದೆ. ಪ್ರಶ್ನೆಗಳು ಬಂದವು. ಎಲ್ಲವೂ ತಾಯಿಗೆ. ಎಷ್ಟು ವಯಸ್ಸು, ಎಷ್ಟು ಸಲ ಬಿದ್ದಳು, ನಾಲಿಗೆ ಕಚ್ಚಿಕೊಂಡಳಾ, ವಂಶದಲ್ಲಿ ಯಾರಿಗಾದರೂ ಇದೆಯಾ. ಹುಡುಗಿ ಅವರೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತ ಕೂತಿದ್ದಳು, ಹೇಳಿದ ಮಾತಿಗೆ ತಪ್ಪದಂತೆ.

ತಾಯಿ ಉತ್ತರಿಸುತ್ತಿದ್ದುದು ತಮಿಳಿನಲ್ಲಿ. ಡಾಕ್ಟರ ಮುಂದೆ, ಆಫೀಸಿನ ಮುಂದೆ, ಬಸ್ಸಿನಲ್ಲಿ ನಾವೆಲ್ಲ ಮಾತಾಡುವುದು ತಮಿಳಿನಲ್ಲೇ. ಕನ್ನಡ ಮನೆಯ ಹೊಸಿಲು ದಾಟುವುದಿಲ್ಲ. ಆದರೆ ಕೆಲವು ಮಾತುಗಳು ನಮಗೇ ಗೊತ್ತಿಲ್ಲದೆ ಜೊತೆಗೆ ಬಂದುಬಿಡುತ್ತವೆ.

“ಕಾಲೈಲ ಕೈ ಎಗಿರುದು ಸಾರ್,” ಎಂದಳು ತಾಯಿ.

ಬೆಳಗ್ಗೆ ಕೈ ಎಗರುತ್ತದೆ ಎಂದೇ ಅವಳು ಹೇಳಿದ್ದು. ಅವಳ ಲೆಕ್ಕದಲ್ಲಿ ಮಾತು ಬದಲಾಗಿರಲಿಲ್ಲ, ಬಾಲ ಮಾತ್ರ ತಮಿಳಾಗಿತ್ತು. ಆದರೆ ತಮಿಳಿನ ಕಿವಿಗೆ ಒಬ್ಬಳು ‘ಎಗಿರುತ್ತಾಳೆ’ ಎಂದರೆ ಎಗರಾಡುತ್ತಾಳೆ, ಜಗಳಕ್ಕೆ ಬರುತ್ತಾಳೆ, ಎದುರು ನಿಲ್ಲುತ್ತಾಳೆ. ಕೈ ಎಗಿರುವುದು ಎಂದರೆ ಕೈಮಾಡುವುದು.

“ಯಾರ ಮೇಲೆ?” ಎಂದು ಹಿಂದಿನಿಂದ ಯಾರೋ ಕೇಳಿದರು.

ತಾಯಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಲೋಟ ಸಾರ್. ಕಾಫಿ ಲೋಟ. ಎಗಿರಿ ಹೋಗಿ ಗೋಡೆಗೆ ಬೀಳುತ್ತೆ.”

“ಈ ವಯಸ್ಸಿನ ಹುಡುಗಿಯರೇ ಹೀಗೆ,” ಎಂದರು ಆಕಳಿಸಿದ ಹಿರಿಯರು. “ನಮ್ಮ ಮನೆಯಲ್ಲಿ ಮೊಬೈಲ್ ಎಸೀತಾಳೆ. ಲೋಟ ಆದರೆ ಖರ್ಚು ಕಮ್ಮಿ.” ಮತ್ತೆ ನಗು. ಆಮೇಲೆ ಅವರು ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ಏಮ್ಮಾ, ನೀನು ನನ್ನ ಹತ್ತಿರ ಬಂದಿದ್ದೆ ಅಲ್ಲವಾ?”

“ಆಮಾ ಸಾರ್,” ಎಂದು ತಾಯಿ ಎದ್ದು ನಿಂತು ಕೈಮುಗಿದಳು. “ನಿಮ್ಮ ಮಾತ್ರೆನೇ ಸಾರ್ ನುಂಗ್ತಿರೋದು.”

ಅವಳ ಡಾಕ್ಟರು ಅವರೇ. ಕರೆಂಟು, ಕಾರು, ಮೊಸರನ್ನ ಎಲ್ಲಕ್ಕೂ ಚಿಂತೆ ಮಾಡಿದ್ದ ನನಗೆ ಇದು ಹೊಳೆದಿರಲಿಲ್ಲ.

ಹಿರಿಯರು ಸಭೆಯ ಕಡೆ ತಿರುಗಿ, ಏನೂ ಮುಚ್ಚುಮರೆಯಿಲ್ಲದೆ, ತಾವು ಮಾಡಿದ್ದನ್ನು ಹೇಳಿದರು. ಮೂರ್ಛೆಗೊಂದು ಮಾತ್ರೆ. ಎಗಿರುವುದು ಹೆಚ್ಚಾಯಿತು ಎಂದು ತಾಯಿ ಬಂದಾಗಲೆಲ್ಲ ಅದೇ ಮಾತ್ರೆಯನ್ನು ಏರಿಸಿದ್ದು. ಕೋಪ ಇಳಿಯಲಿ ಎಂದು ಜೊತೆಗೆ ಇನ್ನೊಂದು, ನಿದ್ದೆ ಬರಿಸುವಂಥದ್ದು. ಆ ಮೊದಲ ಮಾತ್ರೆ ಕೆಟ್ಟದ್ದೇನಲ್ಲ. ಬೇರೆ ಬಗೆಯ ಮೂರ್ಛೆಗೆ ಬಹಳ ಒಳ್ಳೆಯದು. ಈ ಬಗೆಗೆ ಮಾತ್ರ ಅದು ಬೆಂಕಿಗೆ ಸುರಿದ ತುಪ್ಪ. ಅಂದರೆ, ಕೈ ಎಗರಿದಷ್ಟೂ ಕೈ ಎಗರಿಸುವ ಮಾತ್ರೆಯನ್ನು ಏರಿಸಿದ್ದರು, ಹುಡುಗಿಯ ಸಿಟ್ಟಿಗೆ ಎಂದುಕೊಂಡು. ಇವಳದೂ ನನ್ನದೂ ಮನೆಮಾತು ಕನ್ನಡ, ಅದರಲ್ಲಿ ಎಗರುವುದು ಎಂದರೆ ಕೈಮಾಡುವುದಲ್ಲ ಎಂದೆ.

“ನಿಮ್ಮ ಜನ ಸರಿಯಾಗಿ ತಮಿಳು ಮಾತಾಡಬೇಕಲ್ಲವಾ ಮೇಡಂ,” ಎಂದರು ಹಿರಿಯರು, ವಿಷಯ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿದ್ದ ಹಾಗೆ. “ರೋಗದ ಹಿಸ್ಟರಿ ತಪ್ಪಾಗಿ ಕೊಟ್ಟರೆ ನಾನೇನು ಮಾಡಲಿ?”

ತಾಯಿ ನನ್ನ ಕಡೆ ತಿರುಗಿ, ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದಳು. “ನಾನ್ ತಪ್ಪಾ ಏಳ್ಬುಟ್ನಾ ಅಕ್ಕ? ನನ್ನಿಂದ್ಲಾ ಇಂಗಾತು?”

ಅಲ್ಲಿಗೆ ಜೀರಿಗೆ ನೀರಿನ ಕಾಲ ಮುಗಿಯಿತು. ಮೈಕು ಬೇಕಾಗಲಿಲ್ಲ. ಅವಳು ತಪ್ಪು ಹೇಳಲಿಲ್ಲ ಎಂದೆ. ಅವಳು ನೂರಾರು ವರ್ಷದಿಂದ ಇದೇ ಮಣ್ಣಿನಲ್ಲಿ ದುಡಿಯುವವರ ಮಗಳು, ಅವಳ ಮಾತೂ ಈ ಊರಿನದೇ. ಅವಳ ತಮಿಳನ್ನು ತಿದ್ದುವ ಮೊದಲು ನಿಮ್ಮ ಪ್ರಶ್ನೆ ಎಲ್ಲಿ ಹೋಯಿತು ಹೇಳಿ ಎಂದೆ. ಎಗಿರುದು ಎಂದಾಗ ‘ಹೇಗೆ, ತೋರಿಸು’ ಎಂದು ಒಬ್ಬರಾದರೂ ಕೇಳಿದಿರಾ? ಸಿಟ್ಟು ಬಂದವಳು ದಿನಾ ಬೆಳಗ್ಗೆ ಎದ್ದ ಕೂಡಲೇ ಮಾತ್ರ, ಯಾರೂ ಏನೂ ಅನ್ನದೆ, ತನ್ನ ಕಾಫಿಯನ್ನೇ ಎಸೆಯುತ್ತಾಳಾ? ಎಸೆದವಳು ಎದುರೇ ಕೂತಿದ್ದಾಳೆ. ಇಷ್ಟು ಹೊತ್ತಿನಲ್ಲಿ ಅವಳನ್ನು ಒಂದು ಮಾತು ಕೇಳಿದಿರಾ? ಶಾಲೆಯಿಂದ ಅಟ್ಟಿದರು, ಮಂಪರಿನ ಮಾತ್ರೆ ನುಂಗಿಸಿದಿರಿ, ಮದುವೆ ಮಾಡಿ ಎಂದಿರಿ. ಮದುವೆ ಯಾವ ರೋಗಕ್ಕೆ ಮದ್ದು, ಡೋಸ್ ಎಷ್ಟು, ನನಗೂ ಹೇಳಿ, ಬರೆದುಕೊಳ್ಳುತ್ತೇನೆ.

ಇನ್ನೂ ಏನೇನೋ ಹೇಳಿದೆ. ನಡುವೆ ಶಾಲು ಜಾರಿ ಕಾಲಿಗೆ ತೊಡರಿ ಮುಗ್ಗರಿಸಿದೆ ಕೂಡ. ಸಿಟ್ಟಿನ ಹೆಂಗಸು ಮುಗ್ಗರಿಸಿದರೆ ಸಿಟ್ಟಿನ ಬೆಲೆ ಅರ್ಧ ಇಳಿಯುತ್ತದೆ ಎಂದು ಆಗಲೂ ಚಿಂತೆ ಬಂತು. ಯಾರೂ ನಗಲಿಲ್ಲ.

ಆಗ ವೇದಸಂದೂರಿನಿಂದ ಬಂದಿದ್ದ, ಇನ್ನೂ ಎಳೆಯ ವಯಸ್ಸಿನ ಡಾಕ್ಟರಮ್ಮ ಎದ್ದು ಬಂದು ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. “ನೀನೇ ಹೇಳು. ಹೇಗೆ ಎಗಿರುತ್ತೆ?”

ಹುಡುಗಿ ತೋರಿಸಿದಳು. ಹಿಡಿದ ಹಾಗೆ ಮಡಿಸಿದ ಕೈ, ಭುಜದಿಂದ ಚಿಟಿಕೆ ಹೊಡೆದಷ್ಟು ಬೇಗ ಮೇಲಕ್ಕೆ ಹಾರಿ ಇಳಿಯಿತು. “ಹೀಗೆ. ಬಾಚಣಿಗೆಯೂ ಹೀಗೇ ಬೀಳುತ್ತೆ. ಪರೀಕ್ಷೆಗೆ ನಿದ್ದೆ ಕೆಟ್ಟು ಓದಿದರೆ ಜಾಸ್ತಿ. ಜಡೆ ನಾನೇ ಹಾಕ್ಕೊಳ್ಳೋದು ಬಿಟ್ಟು ವರ್ಷ ಆಯ್ತು ಅಕ್ಕಾ.” ಹಾಲಿನಲ್ಲಿದ್ದ ಎಲ್ಲರಿಗೂ ಏಕಕಾಲಕ್ಕೆ ರೋಗದ ಹೆಸರು ಗೊತ್ತಾಯಿತು. ಪುಸ್ತಕ ಓದದವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿದ್ದು.

ಮಾತ್ರೆ ಬದಲಿಸುವುದು ಹೇಗೆ ಎಂದು ಅಲ್ಲೇ ಹೇಳಿಕೊಟ್ಟೆ. ಹಳೆಯದನ್ನು ಒಮ್ಮೆಲೇ ನಿಲ್ಲಿಸಬಾರದು, ಹೊಸದು ಏರಿದ ಹಾಗೆ ಅದು ಇಳಿಯಬೇಕು. ಈ ರೋಗಕ್ಕೆ ಹೆಸರುವಾಸಿಯಾದ ಇನ್ನೊಂದು ಮಾತ್ರೆ ಇದೆ, ಅದು ಮುಂದೆ ಬಸುರಾದರೆ ಕೂಸಿಗೆ ಕೆಡುಕು, ಅದಕ್ಕೇ ಹುಡುಗಿಯರಿಗೆ ಬೇರೆಯದನ್ನು ಆರಿಸಬೇಕು, ಯಾಕೆಂದು ಅವಳಿಗೇ ಹೇಳಬೇಕು ಎಂದೆ. ಹಿರಿಯರು ಬರೆದುಕೊಂಡರು. ಬರೆದು ಮುಗಿಸಿ, ಕನ್ನಡಕ ತೆಗೆದು ಒರೆಸುತ್ತ ಕೂತರು. ಕ್ಷಮಿಸಿ ಎಂದು ಯಾರಿಗೂ ಹೇಳಲಿಲ್ಲ.

ಹುಡುಗಿ ಎದ್ದು ಅವರ ಮುಂದೆ ಹೋಗಿ ನಿಂತಳು. ಶಾಲೆಯಲ್ಲಿ ಪದ್ಯ ಒಪ್ಪಿಸುವಾಗಿನ ತಿದ್ದಿದ ತಮಿಳಿನಲ್ಲಿ ಕೇಳಿದಳು. “ಸಾರ್, ನಾನು ಸೋಮವಾರ ಸ್ಕೂಲಿಗೆ ಹೋಗಬಹುದಾ?”

ಅವರು ತಾಯಿಯ ಕಡೆ ತಿರುಗಿದರು. “ಇಲ್ಲಿ ನೋಡಮ್ಮಾ, ಮಾತ್ರೆ ಹೊಂದಿಕೊಳ್ಳುವವರೆಗೆ...”

“ಅಮ್ಮ ಪ್ಲಸ್ ಒನ್ ಓದ್ತಿಲ್ಲ ಸಾರ್,” ಎಂದಳು. “ಓದೋದು ನಾನು.”

ಅವರು ನನ್ನ ಮುಖ ನೋಡಿದರು. ನಾನು ಬೇಕೆಂದೇ ಚಾರ್ಟು ಸುತ್ತುತ್ತಿದ್ದೆ. ಕೊನೆಗೆ ಕನ್ನಡಕ ಹಾಕಿಕೊಂಡು, ಅವಳನ್ನೇ ನೋಡಿ, “ಹೋಗಬಹುದು,” ಎಂದರು. “ಸ್ಕೂಲು ಬಿಡಬೇಕಾದ ರೋಗ ಅಲ್ಲ ಇದು.”

“ಅಪ್ಪನಿಗೆ ನಾನು ಹೇಳಿದರೆ ನಂಬೋದಿಲ್ಲ. ಹೆಡ್‌ಮಿಸ್ಸೂ ನಂಬೋದಿಲ್ಲ. ಮದುವೆ ಮಾಡಿ ಅಂದವರು ನೀವು, ನೀವೇ ಹೇಳಿ.” ತಾಯಿಯ ಫೋನನ್ನು ಕಿತ್ತುಕೊಂಡು ಒತ್ತಿ ಅವರ ಕೈಗೆ ಕೊಟ್ಟಳು. “ಮೊದಲು ಹೆಡ್‌ಮಿಸ್. ರಿಂಗ್ ಆಗ್ತಿದೆ ಸಾರ್. ಆಮೇಲೆ ಅಪ್ಪ.”

ತಾಯಿ ಹೆದರಿ, “ಏಯ್, ಸುಮ್ಕಿರೇ,” ಎಂದು ಅವಳ ತೋಳು ಹಿಡಿದಳು. ಹುಡುಗಿ ಕದಲಲಿಲ್ಲ. ಆ ಕಡೆಯಿಂದ ಯಾರೋ ಫೋನು ಎತ್ತಿದರು. ಹಿರಿಯರು ತಾವು ಯಾರೆಂದು ಹೇಳಿದರು. ಆ ಕಡೆಯ ದನಿ ಬಹಳ ಹೊತ್ತು ಏನೋ ಕೇಳಿತು. ಅವರು ಒಮ್ಮೆ ಹುಡುಗಿಯನ್ನು ನೋಡಿ, “ಇಲ್ಲ ಮೇಡಂ, ಅವಳ ತಪ್ಪಲ್ಲ, ಅವಳ ತಾಯಿಯದೂ ಅಲ್ಲ,” ಎಂದರು. “ನಾನು ಕೇಳಬೇಕಾದ್ದನ್ನು ಕೇಳಲಿಲ್ಲ.”

ಹೊರಗೆ ಊಟಕ್ಕೆ ಕರೆಯುತ್ತಿದ್ದರು. ಒಬ್ಬರೂ ಏಳಲಿಲ್ಲ. ಹುಡುಗಿ ಅಪ್ಪನ ನಂಬರನ್ನು ಒತ್ತುವುದಕ್ಕೆ ಕೈ ಚಾಚಿ ನಿಂತಿದ್ದಳು.